ಪದವೀಧರರ ವೋಟು ತಾನಾಗಿ ಬರುವುದಿಲ್ಲ: ವಿಧಾನಸಭೆ, ವಿಧಾನ ಪರಿಷತ್ತು ಮತ್ತು ನಮ್ಮ ಭಾಗದ ಮತದಾರರು

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲೂಕು. ನಾನು ಬಿ.ಕಾಂ. ಓದಿದವನು, ಎಪಿಎಂಸಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವಿಧಾನಸಭೆ, ಲೋಕಸಭೆ ಎರಡಕ್ಕೂ ತಪ್ಪದೇ ವೋಟು ಹಾಕಿದ್ದೇನೆ. 2020ರಲ್ಲಿ ಪದವೀಧರರ ಚುನಾವಣೆಯ ದಿನ ಮತಗಟ್ಟೆಗೆ ಹೋದರೆ ‘ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ’ ಎಂದು ಕಳಿಸಿದರು. ನಮ್ಮ ಮನೆಯವರು ಬಿ.ಎ. ಆಗಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ಶಿಕ್ಷಕರ ಕ್ಷೇತ್ರದ ಪಟ್ಟಿಯಲ್ಲಿ ಅವರ ಹೆಸರೂ ಇಲ್ಲ. ಗ್ರಾಮ ಪಂಚಾಯತಿ ಮೆಂಬರ್ ಆಗಿರುವ ನನ್ನ ತಮ್ಮ ಮಾತ್ರ 2021ರಲ್ಲಿ ಪರಿಷತ್ತಿಗೆ ವೋಟು ಹಾಕಿ ಬಂದ. ಒಂದೇ ಮನೆಯಲ್ಲಿ ಹೀಗೇಕೆ? ಎರಡು ಸದನ ಯಾಕೆ ಬೇಕು, ಯಾರನ್ನು ಯಾರು ಆರಿಸುತ್ತಾರೆ, ನಾವು ಏನು ಮಾಡಬೇಕು, ಬಿಡಿಸಿ ಹೇಳಿ.

ಉತ್ತರ: ಮೊದಲು ನಿಮ್ಮ ಮನೆಯ ಲೆಕ್ಕ ಮುಗಿಸೋಣ. ನೀವು ವಿಧಾನಸಭೆಯ ಮತದಾರರು, ಆದರೆ ಆ ಪಟ್ಟಿಗೂ ಪದವೀಧರರ ಪಟ್ಟಿಗೂ ಸಂಬಂಧವಿಲ್ಲ. ಪದವೀಧರರ ಪಟ್ಟಿಗೆ ನಮೂನೆ 18ರಲ್ಲಿ ಬೇರೆಯೇ ಅರ್ಜಿ ಕೊಡಬೇಕು, ಅದೂ ಪ್ರತಿ ಚುನಾವಣೆಗೆ ಹೊಸದಾಗಿ. ನಿಮ್ಮ ಮನೆಯವರಿಗೆ ಶಿಕ್ಷಕರ ಕ್ಷೇತ್ರದ ಮತವಿಲ್ಲ, ಏಕೆಂದರೆ ಅಲ್ಲಿ ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಸಂಸ್ಥೆಗಳಲ್ಲಿ ಕಲಿಸುವವರಿಗೆ ಮಾತ್ರ ಅವಕಾಶ. ಆದರೆ ಅವರು ಬಿ.ಎ. ಆಗಿರುವುದರಿಂದ ನಿಮ್ಮಂತೆಯೇ ಪದವೀಧರರ ಕ್ಷೇತ್ರಕ್ಕೆ ಅರ್ಹರು. ನಿಮ್ಮ ತಮ್ಮನವರದ್ದು ಮೂರನೆಯ ದಾರಿ, ಸ್ಥಳೀಯ ಸಂಸ್ಥೆಗಳ ಕ್ಷೇತ್ರ. ಅಲ್ಲಿ ಅರ್ಜಿ ಬೇಕಿಲ್ಲ. ಪಂಚಾಯತಿ ಸದಸ್ಯರ ಹೆಸರನ್ನು ಕಚೇರಿಯವರೇ ಮತದಾರರ ನೋಂದಣಾಧಿಕಾರಿಗೆ ಕಳಿಸುತ್ತಾರೆ. ಆದ್ದರಿಂದಲೇ ಅವರ ಹೆಸರಿತ್ತು, ನಿಮ್ಮದಿರಲಿಲ್ಲ.

ಈಗ ಎರಡು ಸದನಗಳ ವಿಚಾರಕ್ಕೆ ಬರೋಣ. ಕರ್ನಾಟಕದ ವಿಧಾನ ಮಂಡಲದಲ್ಲಿ ರಾಜ್ಯಪಾಲರು, ವಿಧಾನಸಭೆ, ವಿಧಾನ ಪರಿಷತ್ತು ಮೂರೂ ಸೇರುತ್ತವೆ. ಪರಿಷತ್ತು ಎಲ್ಲ ರಾಜ್ಯಗಳಲ್ಲಿ ಇಲ್ಲ. ಈಗ ಇರುವುದು ಆರು ಕಡೆ ಮಾತ್ರ: ಕರ್ನಾಟಕ, ಮಹಾರಾಷ್ಟ್ರ, ಉತ್ತರ ಪ್ರದೇಶ, ಬಿಹಾರ, ಆಂಧ್ರಪ್ರದೇಶ, ತೆಲಂಗಾಣ. ನಮ್ಮ ಭಾಗಕ್ಕೆ ಎರಡು ಸದನದ ರೂಢಿ 1956ರ ಏಕೀಕರಣದಿಂದ ಬಂದದ್ದಲ್ಲ. ಅದಕ್ಕೂ ಮೊದಲು ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ ಅಲ್ಲಿ ಮೇಲ್ಮನೆ ಇತ್ತು. ಮೈಸೂರು ಸಂಸ್ಥಾನದಲ್ಲೂ 1881ರ ಪ್ರಜಾಪ್ರತಿನಿಧಿ ಸಭೆ, 1907ರ ನ್ಯಾಯವಿಧಾಯಕ ಸಭೆ ಎಂದು ಎರಡಿದ್ದವು.

ವಿಧಾನಸಭೆಯಲ್ಲಿ 224 ಸ್ಥಾನ. ಅವುಗಳಲ್ಲಿ ಪರಿಶಿಷ್ಟ ಜಾತಿಗೆ 36, ಪರಿಶಿಷ್ಟ ಪಂಗಡಕ್ಕೆ 15 ಮೀಸಲು. ಧಾರವಾಡ ಜಿಲ್ಲೆಯಿಂದ 7, ಗದಗಿನಿಂದ 4, ಹಾವೇರಿಯಿಂದ 6, ಒಟ್ಟು 17 ಶಾಸಕರು ನಮ್ಮ ಮೂರು ಜಿಲ್ಲೆಗಳಿಂದ ಹೋಗುತ್ತಾರೆ. ಹುಬ್ಬಳ್ಳಿ-ಧಾರವಾಡ ಪೂರ್ವ, ಶಿರಹಟ್ಟಿ, ಹಾವೇರಿ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳು. ಇಲ್ಲಿಯ ಚುನಾವಣೆ ನಿಮಗೆ ಗೊತ್ತಿರುವುದೇ: ಯಂತ್ರದಲ್ಲಿ ಒಂದು ಗುಂಡಿ, ಹೆಚ್ಚು ಮತ ಬಿದ್ದವರು ಗೆದ್ದರು, ಅರ್ಧಕ್ಕಿಂತ ಹೆಚ್ಚು ಬೀಳಲೇಬೇಕೆಂದಿಲ್ಲ. ಅವಧಿ ಐದು ವರ್ಷ, ಆದರೆ ಸಭೆಯನ್ನು ಮೊದಲೇ ವಿಸರ್ಜಿಸಬಹುದು. ಹಿಂದೆ ಆಂಗ್ಲೋ-ಇಂಡಿಯನ್ ಸಮುದಾಯದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ ಇತ್ತು, 2020ರ ಜನವರಿಯಿಂದ ಅದು ನಿಂತಿದೆ. ಹೆಸರು ಸೇರಿಸಲು ಒಮ್ಮೆ ನಮೂನೆ 6 ಕೊಟ್ಟರೆ ಮುಗಿಯಿತು. ಮನೆ ಬದಲಿಸುವವರೆಗೆ ಅಥವಾ ಯಾರಾದರೂ ತೆಗೆಯುವವರೆಗೆ ಅದು ಪಟ್ಟಿಯಲ್ಲೇ ಇರುತ್ತದೆ.

ಪರಿಷತ್ತಿನ ಕಟ್ಟಡ ಬೇರೆ ಬಗೆಯದು. ಒಟ್ಟು 75 ಸದಸ್ಯರು, ಅವರು ಐದು ಬಾಗಿಲುಗಳಿಂದ ಒಳಗೆ ಬರುತ್ತಾರೆ. ಸಂವಿಧಾನದ 171ನೇ ವಿಧಿಯ ಪ್ರಕಾರ ಮೂರನೇ ಒಂದು ಭಾಗ, ಅಂದರೆ 25 ಜನ ಸ್ಥಳೀಯ ಸಂಸ್ಥೆಗಳಿಂದ. ಇನ್ನೊಂದು 25 ಜನರನ್ನು ಶಾಸಕರು ಆರಿಸುತ್ತಾರೆ. ಹನ್ನೆರಡನೇ ಒಂದು ಭಾಗದ ಲೆಕ್ಕದಲ್ಲಿ ಪದವೀಧರರಿಂದ 7, ಶಿಕ್ಷಕರಿಂದ 7. ಉಳಿದ 11 ಜನರನ್ನು ರಾಜ್ಯಪಾಲರು ಸರ್ಕಾರದ ಸಲಹೆಯಂತೆ ನಾಮಕರಣ ಮಾಡುತ್ತಾರೆ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ ಈ ಐದರಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇದ್ದವರು ಎಂಬುದು ನಿಯಮ. ಈ ಐದರಲ್ಲಿ ಸಹಕಾರಕ್ಕೆ ಸ್ಥಾನ ಸಿಕ್ಕಿರುವುದು ನಮ್ಮ ಭಾಗದವರು ಗಮನಿಸಬೇಕಾದ ಮಾತು. 1905ರಷ್ಟು ಹಿಂದೆಯೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ರೈತರ ಪತ್ತಿನ ಸಹಕಾರ ಸಂಘ ಕಟ್ಟಿದ ನೆಲ ಇದು. ನಾಮಕರಣಗೊಂಡವರ ಪಟ್ಟಿಯಲ್ಲಿ ಸಹಕಾರಿಗಳು, ವಿಜ್ಞಾನಿಗಳಿಗಿಂತ ಪಕ್ಷದ ಪದಾಧಿಕಾರಿಗಳೇ ಹೆಚ್ಚು ಕಾಣಿಸಿದಾಗ ವಿಧಿಯ ಆಶಯಕ್ಕೆ ಪೆಟ್ಟು ಬೀಳುತ್ತದೆ, ಅದನ್ನು ಪ್ರಶ್ನಿಸುವ ಹಕ್ಕು ನಾಗರಿಕರಿಗಿದೆ.

ಪರಿಷತ್ತು ಎಂದೂ ವಿಸರ್ಜನೆಯಾಗುವುದಿಲ್ಲ. ಒಬ್ಬ ಸದಸ್ಯರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಜನ ನಿವೃತ್ತರಾಗುತ್ತಾರೆ. ಆದ್ದರಿಂದ ವಿಧಾನಸಭೆಯಲ್ಲಿ ಸರ್ಕಾರ ಬದಲಾದರೂ ಪರಿಷತ್ತಿನಲ್ಲಿ ಹಳೆಯ ಪಕ್ಷದ ಬಹುಮತವೇ ಕೆಲಕಾಲ ಮುಂದುವರಿಯಬಹುದು.

ಒಂದು ಗೊಂದಲ ಮೊದಲೇ ತೆಗೆದುಬಿಡುತ್ತೇನೆ. ಪದವೀಧರ ಕ್ಷೇತ್ರದಿಂದ ನಿಲ್ಲುವವರು ಪದವೀಧರರೇ ಆಗಿರಬೇಕೆಂದು ಕಾನೂನು ಹೇಳುವುದಿಲ್ಲ. ಶಿಕ್ಷಕರ ಕ್ಷೇತ್ರದ ಅಭ್ಯರ್ಥಿ ಶಿಕ್ಷಕರಾಗಿರಬೇಕಿಲ್ಲ. 30 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿರಬೇಕು, ಅಷ್ಟೇ. ವಿಧಾನಸಭೆಗಾದರೆ ವಯಸ್ಸು 25. ಶರತ್ತು ಇರುವುದು ಮತ ಹಾಕುವವರಿಗೆ.

ನಮ್ಮ ಭಾಗದ ನಕ್ಷೆ ಹೀಗಿದೆ. ಪಶ್ಚಿಮ ಪದವೀಧರರ ಕ್ಷೇತ್ರ ಮತ್ತು ಪಶ್ಚಿಮ ಶಿಕ್ಷಕರ ಕ್ಷೇತ್ರ, ಎರಡೂ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು, ಒಂದೊಂದೇ ಸ್ಥಾನ. ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಧಾರವಾಡ, ಗದಗ, ಹಾವೇರಿ ಮೂರು ಜಿಲ್ಲೆ, ಸ್ಥಾನ ಎರಡು. ಗದಗ, ಹಾವೇರಿ 1997ರಲ್ಲಿ ಬೇರೆ ಜಿಲ್ಲೆಗಳಾದವು, ಕ್ಷೇತ್ರ ಮಾತ್ರ ಹಳೆಯ ಧಾರವಾಡ ಜಿಲ್ಲೆಯ ಹೆಸರು, ಆಕಾರದಲ್ಲೇ ಉಳಿದಿದೆ. ಗಡಿಯ ಊರಿನವರು ಇಲ್ಲಿ ಜೋಪಾನ. ರಾಣೆಬೆನ್ನೂರಿನಿಂದ ತುಂಗಭದ್ರೆ ದಾಟಿ ಹರಿಹರಕ್ಕೆ ಮನೆ ಬದಲಿಸಿದರೆ, ಅಥವಾ ಧಾರವಾಡದಿಂದ ಸವದತ್ತಿಗೆ ಹೋದರೆ ನೀವು ಪಶ್ಚಿಮ ಕ್ಷೇತ್ರದವರಲ್ಲ. ಸವದತ್ತಿ ಬೆಳಗಾವಿ ಜಿಲ್ಲೆಯದು, ವಾಯವ್ಯ ಕ್ಷೇತ್ರಕ್ಕೆ ಸೇರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ಹೆಸರನ್ನು ಊರಿನ ವಿಳಾಸದಲ್ಲಿ ಪದವೀಧರರ ಪಟ್ಟಿಗೆ ಸೇರಿಸುವುದೂ ತಪ್ಪು. ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿಯ ಕ್ಷೇತ್ರ. ಪದವಿ ಯಾವ ಊರಿನದು ಎಂಬುದು ಮುಖ್ಯವಲ್ಲ, ಭಾರತದ ಯಾವ ವಿಶ್ವವಿದ್ಯಾಲಯದ್ದಾದರೂ ಸರಿ.

ನಮೂನೆ 18 ತುಂಬುವುದು ಹೇಗೆ, ಎಲ್ಲಿ ತಪ್ಪುತ್ತದೆ

ಪದವೀಧರ, ಶಿಕ್ಷಕ ಕ್ಷೇತ್ರಗಳ ಪಟ್ಟಿಯನ್ನು ಪ್ರತಿ ಚುನಾವಣೆಗೆ ಮೊದಲು ಬುಡದಿಂದ ಹೊಸದಾಗಿ ಮಾಡುತ್ತಾರೆ. ಕಳೆದ ಸಲ ಹೆಸರಿತ್ತು ಎಂದು ಸುಮ್ಮನೆ ಕುಳಿತವರು ಈ ಸಲ ಪಟ್ಟಿಯಲ್ಲಿರುವುದಿಲ್ಲ. ಮತಗಟ್ಟೆಯಿಂದ ಬರಿಗೈಯಲ್ಲಿ ಮರಳುವವರಲ್ಲಿ ಇಂಥವರೇ ಬಹಳ.

ಅರ್ಹತೆಯ ದಿನ ನವೆಂಬರ್ 1. ಚುನಾವಣೆಗೆ ಮೊದಲು ಬರುವ ನವೆಂಬರ್ 1ಕ್ಕೆ ನಿಮ್ಮ ಪದವಿ ಮುಗಿದು ಕನಿಷ್ಠ ಮೂರು ವರ್ಷ ಆಗಿರಬೇಕು. ಮೂರು ವರ್ಷವನ್ನು ಎಣಿಸುವುದು ವಿಶ್ವವಿದ್ಯಾಲಯ ಫಲಿತಾಂಶ ಪ್ರಕಟಿಸಿದ ದಿನದಿಂದ, ಘಟಿಕೋತ್ಸವದ ದಿನದಿಂದಲ್ಲ. ಘಟಿಕೋತ್ಸವ ಒಂದೊಂದು ಸಲ ವರ್ಷ ತಡವಾಗುತ್ತದೆ. ಪ್ರಮಾಣಪತ್ರದ ಮೇಲಿನ ತಾರೀಖು ನೋಡಿ ‘ಇನ್ನೂ ಮೂರು ವರ್ಷ ಆಗಿಲ್ಲ’ ಎಂದು ಹಿಂದೆ ಸರಿಯುವವರು ಅಂತಿಮ ಸೆಮಿಸ್ಟರಿನ ಫಲಿತಾಂಶದ ದಿನ ನೋಡಿಕೊಳ್ಳಲಿ. ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ 2020ರ ಅಕ್ಟೋಬರ್ 28ರಂದು ಮತದಾನವಾಗಿ ಗೆದ್ದವರ ಅವಧಿ 2026ರ ನವೆಂಬರಿನಲ್ಲಿ ಮುಗಿಯುತ್ತದೆ. ಆ ಸ್ಥಾನ ತುಂಬುವ ಮುಂದಿನ ಚುನಾವಣೆಯ ಪಟ್ಟಿಗೆ ಅರ್ಹತಾ ದಿನ 2025ರ ನವೆಂಬರ್ 1. ಅಂದರೆ 2022ರ ನವೆಂಬರ್ 1ಕ್ಕೆ ಮೊದಲೇ ಫಲಿತಾಂಶ ಬಂದಿರಬೇಕು.

ಪಟ್ಟಿ ಮಾಡುವ ಕ್ರಮ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಅಕ್ಟೋಬರ್ 1ಕ್ಕೆ ಸಾರ್ವಜನಿಕ ಪ್ರಕಟಣೆ, ಅದೇ ತಿಂಗಳಲ್ಲಿ ಮತ್ತೆರಡು ಸಲ ಪತ್ರಿಕೆಗಳಲ್ಲಿ ಮರುಪ್ರಕಟಣೆ. ನವೆಂಬರ್ ಮೊದಲ ವಾರದವರೆಗೆ ಅರ್ಜಿ. ನವೆಂಬರ್ ಕೊನೆಯ ಹೊತ್ತಿಗೆ ಕರಡು ಪಟ್ಟಿ, ಡಿಸೆಂಬರಿನಲ್ಲಿ ಹಕ್ಕು-ಆಕ್ಷೇಪಣೆಗೆ ಕೆಲವು ದಿನ, ಡಿಸೆಂಬರ್ 30ರ ಸುಮಾರಿಗೆ ಅಂತಿಮ ಪಟ್ಟಿ. ಅಕ್ಟೋಬರಿನಲ್ಲಿ ನಮ್ಮಲ್ಲಿ ದಸರೆ, ದೀಪಾವಳಿ, ಮುಂಗಾರಿನ ಕೊಯ್ಲು, ಹಿಂಗಾರಿನ ಬಿತ್ತನೆ ಎಲ್ಲ ಒಟ್ಟಿಗೆ ಬರುತ್ತವೆ. ಪತ್ರಿಕೆಯ ಮೂಲೆಯ ಪ್ರಕಟಣೆ ಕಣ್ಣಿಗೆ ಬೀಳದೇ ಹೋಗುವುದು ಸಹಜ. ಹಾಗೆ ತಪ್ಪಿದವರಿಗೆ ಅಂತಿಮ ಪಟ್ಟಿ ಬಂದ ಮೇಲೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ನಂತರವೂ ನಮೂನೆ 18 ಕೊಡಬಹುದು. ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಒಂದು ಹೆಸರೂ ಸೇರುವುದಿಲ್ಲ. ಅರ್ಜಿಯ ಪರಿಶೀಲನೆಗೂ ದಿನ ಬೇಕು, ಆದ್ದರಿಂದ ಚುನಾವಣೆ ಘೋಷಣೆಯಾಗುವವರೆಗೆ ಕಾಯುವುದು ಅಪಾಯ.

ಪಶ್ಚಿಮ ಕ್ಷೇತ್ರದ ಮತದಾರರ ನೋಂದಣಾಧಿಕಾರಿ ಬೆಳಗಾವಿಯ ಪ್ರಾದೇಶಿಕ ಆಯುಕ್ತರು. ಹಾಗೆಂದು ಅಲ್ಲಿಗೆ ಓಡಬೇಕಿಲ್ಲ, ಅರ್ಜಿಯನ್ನು ನಿಮ್ಮ ತಹಶೀಲ್ದಾರ್ ಕಚೇರಿಯಲ್ಲೇ ತೆಗೆದುಕೊಳ್ಳುತ್ತಾರೆ. ನಮೂನೆಯಲ್ಲಿ ಫೋಟೊ, ವಿಳಾಸ, ವಿಧಾನಸಭಾ ಪಟ್ಟಿಯಲ್ಲಿರುವ ಗುರುತಿನ ಚೀಟಿಯ ಸಂಖ್ಯೆ, ವಿಶ್ವವಿದ್ಯಾಲಯ ಮತ್ತು ಪಾಸಾದ ವರ್ಷ ಕೇಳುತ್ತದೆ. ಜೊತೆಗೆ ಪದವಿ ಪ್ರಮಾಣಪತ್ರ ಅಥವಾ ಅಂತಿಮ ವರ್ಷದ ಅಂಕಪಟ್ಟಿಯ ದೃಢೀಕೃತ ಪ್ರತಿ ಬೇಕು. ಮೂಲ ಪ್ರತಿ ಕೈಯಲ್ಲಿಟ್ಟುಕೊಂಡೇ ಹೋಗಿ. ಪದವಿ ಮುಗಿಸಿ ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ತೊಡಕು ಬರುತ್ತದೆ: ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಗುರುತಿನ ಚೀಟಿಯಲ್ಲಿ ಗಂಡನ ಮನೆಯದು. ಇಬ್ಬರೂ ಒಬ್ಬರೇ ಎಂದು ತೋರಿಸುವ ಮದುವೆ ನೋಂದಣಿ ಪತ್ರವನ್ನೋ ಅಫಿಡವಿಟ್ಟನ್ನೋ ಮೊದಲೇ ಲಗತ್ತಿಸಿದರೆ ಅರ್ಜಿ ನಡುವೆ ನಿಲ್ಲುವುದಿಲ್ಲ. ನಿಮ್ಮ ಮನೆಯವರ ಅರ್ಜಿಯಲ್ಲಿ ಇದನ್ನು ಮರೆಯಬೇಡಿ.

ಇನ್ನೊಂದು ಮಾತು. ಸಂಘಟನೆಗಳು, ಪಕ್ಷದವರು ಕಟ್ಟುಗಟ್ಟಲೆ ತಂದು ಕೊಡುವ ಅರ್ಜಿಗಳನ್ನು ಸ್ವೀಕರಿಸಬಾರದು ಎಂಬುದು ಚುನಾವಣಾ ಆಯೋಗದ ಸೂಚನೆ. ಒಂದು ಮನೆಯ ಒಬ್ಬರು ಉಳಿದವರ ಅರ್ಜಿ ಒಟ್ಟಿಗೆ ಕೊಡಬಹುದು, ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯದನ್ನು ಒಟ್ಟಿಗೆ ಕಳಿಸಬಹುದು. ಯಾರೋ ಬಂದು ಸಹಿ ಹಾಕಿಸಿಕೊಂಡು ‘ನಾವೇ ಕೊಡುತ್ತೇವೆ’ ಎಂದರೆ ಅದನ್ನು ನಂಬಿ ಕೂರಬೇಡಿ. ನೀವೇ ಕೊಟ್ಟು ಸ್ವೀಕೃತಿ ಪಡೆಯಿರಿ. ನೋಂದಣಿ ಕಡಿಮೆಯಾದಷ್ಟೂ ಹೆಸರು ಸೇರಿಸಲು ಓಡಾಡಿದವರ ಕೈ ಮೇಲಾಗುತ್ತದೆ. ಪದವೀಧರ ಕ್ಷೇತ್ರದ ಫಲಿತಾಂಶದ ಅರ್ಧ ಭಾಗ ಮತದಾನದ ದಿನಕ್ಕಿಂತ ಮೊದಲು, ಈ ಪಟ್ಟಿಯಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಿಕ್ಷಕರದ್ದು ನಮೂನೆ 19. ಅರ್ಹತಾ ದಿನಕ್ಕೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪ್ರೌಢಶಾಲೆ, ಪಿಯು, ಪದವಿ ಕಾಲೇಜು, ವಿಶ್ವವಿದ್ಯಾಲಯ ಇಂಥಲ್ಲಿ ಕಲಿಸಿರಬೇಕು. ಮೂರು ವರ್ಷ ಒಂದೇ ಸಮನೆ ಆಗಿರಬೇಕಿಲ್ಲ, ಬಿಡಿಬಿಡಿಯಾಗಿ ಕೂಡಿದರೂ ನಡೆಯುತ್ತದೆ. ಸಂಸ್ಥೆಯ ಮುಖ್ಯಸ್ಥರ ಸೇವಾ ಪ್ರಮಾಣಪತ್ರ ಕಡ್ಡಾಯ. ಪದವೀಧರರಾದ ಪ್ರೌಢಶಾಲಾ ಶಿಕ್ಷಕರು ಎರಡೂ ಪಟ್ಟಿಗೆ ಸೇರಬಹುದು, ಒಂದನ್ನು ಬಿಡಬೇಕೆಂದಿಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಹೊರಗಿಟ್ಟಿರುವುದು ಅನ್ಯಾಯ ಎಂಬ ಕೂಗು ಹಳೆಯದು, ಅದರಲ್ಲಿ ಹುರುಳೂ ಇದೆ. ಆದರೆ ‘ಪ್ರೌಢಶಾಲೆಗಿಂತ ಕೆಳಗಿಲ್ಲದ’ ಸಂಸ್ಥೆ ಎಂಬ ಮಾತು ಸಂವಿಧಾನದಲ್ಲೇ ಇದೆ, ತಹಶೀಲ್ದಾರರ ಮುಂದೆ ವಾದಿಸಿದರೆ ಬದಲಾಗುವಂಥದ್ದಲ್ಲ.

ಪಶ್ಚಿಮ ಶಿಕ್ಷಕರ ಕ್ಷೇತ್ರದ ಇತಿಹಾಸ ನೋಡಿದರೆ ಸಣ್ಣ, ಗುರುತಿನ ಮತದಾರ ಬಳಗ ಎಂದರೇನು ಎಂಬುದು ತಿಳಿಯುತ್ತದೆ. ಬಸವರಾಜ ಹೊರಟ್ಟಿಯವರು 1980ರಿಂದ 2022ರವರೆಗೆ ಸತತ ಎಂಟು ಸಲ ಇಲ್ಲಿಂದ ಆರಿಸಿ ಬಂದರು. ನಡುವೆ ಪಕ್ಷ ಬದಲಾಯಿತು, ಮತದಾರರು ಬದಲಾಗಲಿಲ್ಲ. ಅನುದಾನಿತ ಶಾಲೆಯ ವೇತನ, ಪಿಂಚಣಿ, ವರ್ಗಾವಣೆ, ಹಿಂದಿನ ಸೇವೆಯನ್ನೂ ಲೆಕ್ಕ ಹಿಡಿದು ಕಟ್ಟುವ ಕಾಲ್ಪನಿಕ ವೇತನದಂಥ ವಿಷಯಗಳೇ ಈ ಕ್ಷೇತ್ರದ ಚುನಾವಣೆಯ ಮಾತು.

ಮತಪತ್ರದ ಮುಂದೆ

ಪರಿಷತ್ ಚುನಾವಣೆಯಲ್ಲಿ ಯಂತ್ರವಿಲ್ಲ, ಕಾಗದದ ಮತಪತ್ರ. ಅದರಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಅಭ್ಯರ್ಥಿಗಳ ಹೆಸರು, ಫೋಟೊ ಇರುತ್ತವೆ. ಹೆಸರು ನೆನಪಿಟ್ಟುಕೊಂಡು ಹೋಗಬೇಕು. ಹೆಸರಿನ ಎದುರಿನ ಚೌಕದಲ್ಲಿ ನಿಮ್ಮ ಮೊದಲ ಆಯ್ಕೆಗೆ 1 ಎಂದು ಬರೆಯಬೇಕು, ಬೇಕಿದ್ದರೆ ಎರಡನೆಯವರಿಗೆ 2, ಹೀಗೆ ಮುಂದೆ. ಬರೆಯಲು ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ ಮಾತ್ರ. ಜೇಬಿನ ಪೆನ್ನಿನಲ್ಲಿ ಬರೆದರೆ ಮತ ಹೋಯಿತು.

ಓದಿದವರ ಮತಗಳೇ ಸಾವಿರಾರು ಸಂಖ್ಯೆಯಲ್ಲಿ ತಿರಸ್ಕೃತವಾಗುವುದು ಈ ಕ್ಷೇತ್ರದ ದೊಡ್ಡ ನೋವು. ಕಾರಣಗಳು ಪ್ರತಿ ಸಲ ಅವೇ. ಅಂಕಿಯ ಬದಲು ಸರಿ ಗುರುತು ಅಥವಾ ಗುಣಿಸು ಗುರುತು ಹಾಕುವುದು. ‘ಒಂದು’ ಎಂದು ಅಕ್ಷರದಲ್ಲಿ ಬರೆಯುವುದು. ಇಬ್ಬರ ಎದುರು 1 ಬರೆಯುವುದು. ಒಬ್ಬರ ಎದುರೇ 1, 2 ಎರಡನ್ನೂ ಬರೆಯುವುದು. ಎರಡು ಹೆಸರಿನ ನಡುವಿನ ಗೆರೆಯ ಮೇಲೆ ಅಂಕಿ ಬೀಳುವುದು, ಯಾರಿಗೆಂದು ತಿಳಿಯದಿದ್ದರೆ ಅದೂ ಅಸಿಂಧು. ಸಹಿ ಹಾಕುವುದು, ಹೆಬ್ಬೆಟ್ಟು ಒತ್ತುವುದು, ಮತದಾರರ ಗುರುತು ಸಿಗುವಂಥ ಏನನ್ನಾದರೂ ಬರೆಯುವುದು. 1 ಬರೆಯದೇ 2, 3 ಮಾತ್ರ ಬರೆದರೂ ಮತ ನಡೆಯುವುದಿಲ್ಲ. ಕನ್ನಡದ ೧ ನಡೆಯುತ್ತದೆ, ಆದರೆ ಒಂದೇ ಪತ್ರದಲ್ಲಿ ಕನ್ನಡ ಅಂಕಿ ಮತ್ತು ಇಂಗ್ಲಿಷ್ ಅಂಕಿ ಬೆರೆಸಬೇಡಿ. 1, 2 ಬರೆದು 3 ಬಿಟ್ಟು 4 ಬರೆದರೆ ಮತ ಪೂರ್ತಿ ಹಾಳಾಗುವುದಿಲ್ಲ, 2ರವರೆಗೆ ಎಣಿಕೆಗೆ ಬರುತ್ತದೆ, ಮುಂದಿನದು ಇಲ್ಲ.

ಎರಡನೆಯ ಆಯ್ಕೆ ಬರೆಯಬೇಕೇ? ‘1 ಮಾತ್ರ ಬರೆಯಿರಿ, 2 ಬರೆದರೆ ನಮ್ಮವರಿಗೆ ಹೊಡೆತ’ ಎಂದು ಪ್ರಚಾರದಲ್ಲಿ ಹೇಳುತ್ತಾರೆ. ಇದು ತಪ್ಪು. ನಿಮ್ಮ ಮೊದಲ ಆಯ್ಕೆಯವರು ಕಣದಲ್ಲಿ ಇರುವವರೆಗೆ ಅಥವಾ ಗೆಲ್ಲುವವರೆಗೆ ನಿಮ್ಮ 2ನ್ನು ಯಾರೂ ನೋಡುವುದೇ ಇಲ್ಲ. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಒಂದು ಸ್ಥಾನ, ಸಿಂಧು ಮತ 10,000. ಗೆಲುವಿನ ಕೋಟಾ ಎಂದರೆ ಸಿಂಧು ಮತದ ಅರ್ಧಕ್ಕೆ ಒಂದು ಸೇರಿಸಿದ್ದು, 5,001. ಮೊದಲ ಎಣಿಕೆಯಲ್ಲಿ ಅ ಎಂಬುವರಿಗೆ 4,200, ಬ ಎಂಬುವರಿಗೆ 3,300, ಕ ಎಂಬುವರಿಗೆ 1,600, ಡ ಎಂಬುವರಿಗೆ 900. ಯಾರೂ ಕೋಟಾ ಮುಟ್ಟಲಿಲ್ಲ, ಕಡೆಯ ಡ ಹೊರಗೆ. ಅವರ 900 ಪತ್ರಗಳಲ್ಲಿ 2 ಯಾರಿಗಿದೆ ನೋಡುತ್ತಾರೆ: ಅ 200, ಬ 450, ಕ 100, ಉಳಿದ 150ರಲ್ಲಿ 2 ಬರೆದೇ ಇಲ್ಲ, ಅವು ಅಲ್ಲಿಗೇ ಮುಗಿದವು. ಈಗ ಅ 4,400, ಬ 3,750, ಕ 1,700. ಕ ಹೊರಗೆ. ಆ 1,700ರಲ್ಲಿ ಅ 350, ಬ 1,150, ಮುಗಿದದ್ದು 200. ಅ 4,750, ಬ 4,900. ಇಬ್ಬರೂ 5,001 ಮುಟ್ಟಲಿಲ್ಲ, ಆದರೂ ಕಡಿಮೆ ಇರುವ ಅ ಹೊರಬೀಳುತ್ತಾರೆ, ಉಳಿದ ಒಬ್ಬರೇ ಬ, ಅವರೇ ಗೆದ್ದಂತೆ. ಮೊದಲ ಸುತ್ತಿನಲ್ಲಿ 900 ಮತ ಹಿಂದಿದ್ದವರು 150 ಮತದಿಂದ ಮುಂದಾದರು. ಮುಗಿದುಹೋದ 350 ಪತ್ರಗಳ ಮತದಾರರಿಗೆ ಆ ಕೊನೆಯ ತೀರ್ಮಾನದಲ್ಲಿ ಮಾತೇ ಇರಲಿಲ್ಲ. ಆದ್ದರಿಂದ ಒಪ್ಪಬಹುದಾದ ಇನ್ನೊಬ್ಬರಿದ್ದರೆ 2 ಬರೆಯಿರಿ.

ನಿಮ್ಮ ತಮ್ಮನವರ ಕ್ಷೇತ್ರದಲ್ಲಿ ಎರಡು ಸ್ಥಾನ ಇರುವುದರಿಂದ ಲೆಕ್ಕ ಸ್ವಲ್ಪ ಬೇರೆ. ಒಂದಕ್ಕಿಂತ ಹೆಚ್ಚು ಸ್ಥಾನವಿದ್ದರೆ ಪ್ರತಿ ಪತ್ರದ ಬೆಲೆ 100. ಮತ್ತೆ ಕಾಲ್ಪನಿಕವಾಗಿ 6,000 ಸಿಂಧು ಮತ ಎನ್ನಿ, ಒಟ್ಟು ಬೆಲೆ 6,00,000. ಅದನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ, ಅಂದರೆ 3ರಿಂದ ಭಾಗಿಸಿ 1 ಸೇರಿಸಿದರೆ ಕೋಟಾ 2,00,001. ಒಬ್ಬರಿಗೆ 2,600 ಪ್ರಥಮ ಮತ ಬಿದ್ದರೆ ಅವರ ಬೆಲೆ 2,60,000, ಕೋಟಾ ಕಳೆದರೆ ಹೆಚ್ಚುವರಿ 59,999. ಆ 2,600ರಲ್ಲಿ 2 ಬರೆದ ಪತ್ರ 2,000 ಇದ್ದರೆ, 59,999ನ್ನು 2,000ದಿಂದ ಭಾಗಿಸಿ ಭಿನ್ನರಾಶಿ ಬಿಟ್ಟು ಪ್ರತಿ ಪತ್ರಕ್ಕೆ 29ರ ಬೆಲೆ ಕಟ್ಟಿ ಮುಂದಿನವರಿಗೆ ದಾಟಿಸುತ್ತಾರೆ. ಅವುಗಳಲ್ಲಿ 1,800 ಪತ್ರ ಅದೇ ಪಕ್ಷದ ಇನ್ನೊಬ್ಬರಿಗಿದ್ದರೂ ಅವರಿಗೆ ಸಿಗುವುದು 52,200, ಅಂದರೆ 522 ಪೂರ್ಣ ಮತದಷ್ಟು. ‘ಎಲ್ಲರೂ ಒಬ್ಬರಿಗೆ 1 ಹಾಕಿ, ಇನ್ನೊಬ್ಬರಿಗೆ 2 ಹಾಕಿ’ ಎಂದು ಇಬ್ಬರನ್ನೂ ಗೆಲ್ಲಿಸಹೊರಟ ಪಕ್ಷಗಳು ಎಡವುವುದು ಈ 29ರ ಬಳಿಯೇ. ಇಂಥ ಕ್ಷೇತ್ರದಲ್ಲಿ ಎರಡು ದೊಡ್ಡ ಪಕ್ಷಗಳು ಒಂದೊಂದು ಸ್ಥಾನ ಹಂಚಿಕೊಳ್ಳುವುದು ಸಹಜ. 2021ರ ಡಿಸೆಂಬರಿನಲ್ಲಿ ಧಾರವಾಡದಲ್ಲಿ ಆದದ್ದೂ ಅದೇ: ಕಾಂಗ್ರೆಸ್ಸಿನ ಸಲೀಂ ಅಹ್ಮದ್, ಬಿಜೆಪಿಯ ಪ್ರದೀಪ ಶೆಟ್ಟರ ಇಬ್ಬರೂ ಗೆದ್ದರು.

ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಂದ ಹಿಡಿದು ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ, 82 ವಾರ್ಡಿನ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯವರೆಗೆ ಎಲ್ಲ ಸದಸ್ಯರಿಗೂ ಒಂದೊಂದು ಮತ. ಸಂಖ್ಯೆಯಲ್ಲಿ ಗ್ರಾಮ ಪಂಚಾಯತಿಯವರೇ ಬಹುಪಾಲು. ಮತದಾರರು ಕೆಲವೇ ಸಾವಿರ, ಹೆಸರು-ಊರು ಸಮೇತ ಪಟ್ಟಿ ಅಭ್ಯರ್ಥಿಯ ಕೈಯಲ್ಲಿ. ಮೇಲೆ, ವಿಧಾನಸಭೆ ಚುನಾವಣೆಗೆ ನಮ್ಮ ರಾಜ್ಯದಲ್ಲಿ ಅಭ್ಯರ್ಥಿಗೆ 40 ಲಕ್ಷ ರೂಪಾಯಿಯ ವೆಚ್ಚ ಮಿತಿ ಇದ್ದರೆ ಪರಿಷತ್ತಿಗೆ ಮಿತಿಯೇ ಇಲ್ಲ. ಈ ಕಾನೂನಿನ ಲೋಪ ತುಂಬುವವರೆಗೆ ಹಣದ ದೂರು ನಿಲ್ಲುವುದು ಕಷ್ಟ. ನಿಮ್ಮ ತಮ್ಮನವರಿಗೆ ಒಂದು ಮಾತು ಹೇಳಿ: ಮತದಾನ ಗುಪ್ತ, ಯಾರೂ ಪತ್ರ ತೋರಿಸು ಎನ್ನುವಂತಿಲ್ಲ.

ಶಾಸಕರು ಆರಿಸುವ 25 ಸ್ಥಾನಗಳದ್ದೂ ಇದೇ ಲೆಕ್ಕ. 11 ಸ್ಥಾನ ತೆರವಾದಾಗ 224 ಶಾಸಕರ ಬೆಲೆ 22,400, ಅದನ್ನು 12ರಿಂದ ಭಾಗಿಸಿ 1 ಸೇರಿಸಿದರೆ 1,867. ಅಂದರೆ ಒಂದು ಸ್ಥಾನಕ್ಕೆ 19 ಶಾಸಕರು ಬೇಕು. ಲೆಕ್ಕ ಮೊದಲೇ ಗೊತ್ತಿರುವುದರಿಂದ ಪಕ್ಷಗಳು ಅಷ್ಟೇ ಹೆಸರು ಕೊಡುತ್ತವೆ. 2024ರಲ್ಲಿ 11 ಜನರೂ ಅವಿರೋಧವಾಗಿ ಬಂದರು. ಚುನಾವಣೆಯಲ್ಲಿ ಸೋತ ನಾಯಕರು ಸದನಕ್ಕೆ ಬರುವ ದಾರಿಯೂ ಇದೇ. ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ 2023ರ ಮೇ ತಿಂಗಳಲ್ಲಿ ಸೋತ ಜಗದೀಶ ಶೆಟ್ಟರ ಅವರು ಜೂನಿನಲ್ಲಿ ಪರಿಷತ್ ಸದಸ್ಯರಾದರು.

ಪರಿಷತ್ತಿಗೆ ಎಷ್ಟು ಬಲ?

ನಿಜ ಹೇಳಬೇಕೆಂದರೆ ಕಡಿಮೆ. ಸರ್ಕಾರ ಉಳಿಯುವುದು, ಬೀಳುವುದು ವಿಧಾನಸಭೆಯಲ್ಲಿ ಮಾತ್ರ. ಬಹುಮತ ಸದನದಲ್ಲೇ ಸಾಬೀತಾಗಬೇಕು, ರಾಜಭವನದಲ್ಲಲ್ಲ ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ. ಅವರ ಸರ್ಕಾರವನ್ನು 1989ರ ಏಪ್ರಿಲಿನಲ್ಲಿ ವಜಾ ಮಾಡಲಾಗಿತ್ತು. ಆ ಸದನ ಎಂದರೆ ವಿಧಾನಸಭೆ. ಹಣಕಾಸು ಮಸೂದೆಯನ್ನು ಪರಿಷತ್ತು 14 ದಿನ ಇಟ್ಟುಕೊಳ್ಳಬಹುದು, ತಿದ್ದುಪಡಿ ಸೂಚಿಸಬಹುದು. ಒಪ್ಪುವುದು ಬಿಡುವುದು ವಿಧಾನಸಭೆಗೆ ಬಿಟ್ಟದ್ದು. ಅನುದಾನದ ಬೇಡಿಕೆಗಳ ಮೇಲೆ ಪರಿಷತ್ತಿಗೆ ಮತವಿಲ್ಲ. ರಾಷ್ಟ್ರಪತಿ, ರಾಜ್ಯಸಭೆ ಚುನಾವಣೆಯಲ್ಲೂ ಪರಿಷತ್ ಸದಸ್ಯರಿಗೆ ಮತವಿಲ್ಲ.

ಸಾಮಾನ್ಯ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿದರೆ, ಮೂರು ತಿಂಗಳು ಹಾಗೇ ಇಟ್ಟುಕೊಂಡರೆ ಅಥವಾ ಒಪ್ಪಲಾಗದ ತಿದ್ದುಪಡಿ ಮಾಡಿದರೆ ವಿಧಾನಸಭೆ ಅದನ್ನು ಎರಡನೆಯ ಸಲ ಅಂಗೀಕರಿಸಿ ಕಳಿಸಬಹುದು. ಈ ಸಲ ಪರಿಷತ್ತಿಗೆ ಒಂದೇ ತಿಂಗಳು. ಒಪ್ಪಲಿ ಬಿಡಲಿ, ಆಮೇಲೆ ಎರಡೂ ಸದನ ಅಂಗೀಕರಿಸಿದಂತೆಯೇ ಲೆಕ್ಕ. ಸಂಸತ್ತಿನಲ್ಲಿರುವಂತೆ ಜಂಟಿ ಅಧಿವೇಶನ ರಾಜ್ಯದಲ್ಲಿಲ್ಲ. ಪರಿಷತ್ತಿನಲ್ಲಿ ಹುಟ್ಟಿದ ಮಸೂದೆಯನ್ನು ವಿಧಾನಸಭೆ ತಿರಸ್ಕರಿಸಿದರೆ ಅಲ್ಲಿಗೆ ಅದರ ಕತೆ ಮುಗಿಯಿತು. 2024ರ ಫೆಬ್ರುವರಿಯಲ್ಲಿ ಧಾರ್ಮಿಕ ದತ್ತಿ ಕಾಯ್ದೆಯ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದಿತು, ಅದನ್ನು ವಿಧಾನಸಭೆ ಮತ್ತೆ ಅಂಗೀಕರಿಸಿತು. ಹಾಗಾದರೆ ಲಾಭವೇನು ಎಂದು ಕೇಳಬಹುದು. ವಿಧಾನಸಭೆಯಲ್ಲಿ ಗದ್ದಲದ ನಡುವೆ ಚರ್ಚೆಯಿಲ್ಲದೇ ಪಾಸಾದ ಮಸೂದೆಯೊಂದು ಇನ್ನೊಂದು ಮನೆಯಲ್ಲಿ ಕೆಲದಿನ ನಿಂತರೆ ಪತ್ರಿಕೆಗಳು ಓದುತ್ತವೆ, ಸಂಘಟನೆಗಳು ಮಾತಾಡುತ್ತವೆ, ಸರ್ಕಾರವೇ ತಿದ್ದಿಕೊಂಡು ಬರುವ ಅವಕಾಶ ಸಿಗುತ್ತದೆ. ಆ ಕೆಲಸ ಆಗಬೇಕಾದರೆ ಅಲ್ಲಿ ಓದಿ ಮಾತಾಡುವವರು ಇರಬೇಕು. ಪದವೀಧರ, ಶಿಕ್ಷಕ ಕ್ಷೇತ್ರಗಳನ್ನು ಇಟ್ಟದ್ದೇ ಅದಕ್ಕೆ.

ಪರಿಷತ್ತು ಬೇಡವೆನಿಸಿದರೆ ತೆಗೆಯುವ ದಾರಿ 169ನೇ ವಿಧಿಯಲ್ಲಿದೆ: ವಿಧಾನಸಭೆಯಲ್ಲಿ ಒಟ್ಟು ಸದಸ್ಯರ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲದ ನಿರ್ಣಯ, ಆಮೇಲೆ ಸಂಸತ್ತಿನ ಕಾನೂನು. ಆಂಧ್ರದಲ್ಲಿ 1985ರಲ್ಲಿ ತೆಗೆದು 2007ರಲ್ಲಿ ಮತ್ತೆ ತಂದರು. ತಮಿಳುನಾಡಿನಲ್ಲಿ 1986ರಲ್ಲಿ ಹೋದದ್ದು ಮರಳಲಿಲ್ಲ.

ಇನ್ನು ನೀವು ಮಾಡಬೇಕಾದ್ದು. ನೀವಿಬ್ಬರೂ ಅಂಕಪಟ್ಟಿಯ ದೃಢೀಕೃತ ಪ್ರತಿ, ಗುರುತಿನ ಚೀಟಿಯ ನಕಲು, ಫೋಟೊ ತೆಗೆದುಕೊಂಡು ರಾಣೆಬೆನ್ನೂರಿನ ತಹಶೀಲ್ದಾರ್ ಕಚೇರಿಯ ಚುನಾವಣಾ ಶಾಖೆಗೆ ಹೋಗಿ, ಪಶ್ಚಿಮ ಪದವೀಧರ ಕ್ಷೇತ್ರದ ಈಗಿನ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಅಲ್ಲೇ ನಮೂನೆ 18 ತುಂಬಿ, ಸ್ವೀಕೃತಿ ಚೀಟಿಯ ಮೇಲೆ ತಾರೀಖು, ಮೊಹರು ಬಿದ್ದಿದೆಯೇ ನೋಡಿಕೊಳ್ಳಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಕೊರತೆಯಿದ್ದ ದಾಖಲೆ ಸೇರಿಸಿ ಮತ್ತೆ ಕೊಡಿ. ಹೆಸರು ಸೇರಿದ ಮೇಲೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೊಳ್ಳಿ. ಪದವೀಧರರ ಮತಗಟ್ಟೆ ನೀವು ವಿಧಾನಸಭೆಗೆ ವೋಟು ಹಾಕುವ ಶಾಲೆಯಲ್ಲೇ ಇರುತ್ತದೆಂದಿಲ್ಲ, ಹಲವು ಊರುಗಳಿಗೆ ಸೇರಿ ಒಂದೇ ಇರುವುದು ಹೆಚ್ಚು.